ಚುರುಕು ಮಗುವಿಗೆ ನವೋದಯವೋ, ಆದರ್ಶ ವಿದ್ಯಾಲಯವೋ?

ಎರಡೂ ಸರ್ಕಾರಿ ಶಾಲೆಗಳೇ. 6ನೇ ತರಗತಿಗೆ ಸೇರಲು ಎರಡಕ್ಕೂ ಪ್ರವೇಶ ಪರೀಕ್ಷೆ ಬರೆಯಬೇಕು. ಕೊಪ್ಪಳ ಜಿಲ್ಲೆಯ ನವೋದಯ ಕುಕನೂರಿನಲ್ಲಿದೆ, ರಾಯಚೂರಿನದು ಮುದಗಲ್ಲಿನಲ್ಲಿ. ಅಲ್ಲಿ ವಸತಿ, ಸಿಬಿಎಸ್‌ಇ ಪಠ್ಯ, 12ರವರೆಗೆ ಓದು. ಆದರ್ಶದಲ್ಲಿ ರಾಜ್ಯ ಪಠ್ಯ, ಇಂಗ್ಲಿಷ್ ಮಾಧ್ಯಮ. ಮಗು ಸಂಜೆ ಮನೆಗೆ ಬರುತ್ತದೆ.

ನವೋದಯ ಪರೀಕ್ಷೆಗೆ ಒಂದೇ ಅವಕಾಶ: 2 ಗಂಟೆ, 80 ಪ್ರಶ್ನೆ. ಅರ್ಧದಷ್ಟು ಆಕೃತಿ ನೋಡಿ ಬಿಡಿಸುವಂಥವು. ಬಾಯಿಪಾಠದ ಜಾಣರು ಎಡವುವುದು ಇಲ್ಲೇ. ಕನಿಷ್ಠ 75% ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು, ಆದರೆ 3, 4, 5ನೇ ತರಗತಿ ಪೂರ್ತಿ ಹಳ್ಳಿಯಲ್ಲೇ ಓದಿರಬೇಕು. ನಡುವೆ ಗಂಗಾವತಿಯಂಥ ಪೇಟೆಯ ಶಾಲೆಗೆ ಸೇರಿಸಿದರೆ ಆ ಮೀಸಲು ಹೋಯಿತು. ಇದನ್ನು ತಡವಾಗಿ ತಿಳಿದು ಕೊರಗುವ ಪಾಲಕರು ಕಡಿಮೆಯಿಲ್ಲ.

ಊರಲ್ಲಿ ಸದಾ ಮೊದಲಿದ್ದ ಮಗು ಹಾಸ್ಟೆಲಿನಲ್ಲಿ ಹತ್ತನೆಯದಾದಾಗ ಕುಗ್ಗುತ್ತದೆ. ಸೇರಿಸುವ ಮೊದಲೇ ದಿನಕ್ಕೊಂದು ಕಠಿಣ ಲೆಕ್ಕ ಕೊಡಿ, ತಪ್ಪಾದರೆ ಬೈಯದೆ ಮತ್ತೆ ಬಿಡಿಸಲು ಬಿಡಿ, ಸೋಲು ರೂಢಿಯಾಗಲಿ. ಆದರ್ಶದಲ್ಲಿ ತೊಂದರೆ ಬೇರೆ ಬಗೆಯದು: ಪಾಠ ಬೇಗ ಮುಗಿಸಿ ಬೇಸತ್ತು ತಂಟೆಗಿಳಿಯಬಹುದು. ಅಂಥ ಮಗುವಿಗೆ ಮುಂದಿನ ತರಗತಿಯ ಲೆಕ್ಕ ಕೊಡುವಂತೆ ಮಾಸ್ತರರನ್ನು ಕೇಳಿ.

ರಾತ್ರಿ ಒಂಟಿಯಾಗಿ ಮಲಗಲು ಅಂಜುವ, ಅಮ್ಮನನ್ನು ಬಿಟ್ಟಿರದ ಮಗುವಾದರೆ ಆದರ್ಶವೇ ಲೇಸು.