ದಾವಣಗೆರೆಯ ಹಳೇ ಪುಸ್ತಕದಂಗಡಿ: ವಚನದ ಕಪಾಟು ಹೇಗಿದೆ?

ಪಿ.ಜೆ. ಬಡಾವಣೆಯ ಈ ಅಂಗಡಿಯಲ್ಲಿ ವಚನ ಸಾಹಿತ್ಯ ಬೇಕೆಂದರೆ ಸೀದಾ ಒಳಗಿನ ಎಡಗೋಡೆಗೆ ಹೋಗಿ. ಮಠಗಳ ಪ್ರಕಟಣೆ, ವಿಶ್ವವಿದ್ಯಾಲಯಗಳ ಪ್ರಕಟಣೆ ಎರಡೂ ಒಂದೇ ಕಪಾಟಿನಲ್ಲಿವೆ. ಹೆಚ್ಚಿನವಕ್ಕೆ ಅರ್ಧ ಬೆಲೆ.

ಬೆರೆಸಿಟ್ಟಿದ್ದು ಒಳ್ಳೆಯದೇ, ಆದರೆ ಒಂದು ಚೀಟಿಯನ್ನಾದರೂ ಅಂಟಿಸಬೇಕಿತ್ತು. ಯಾವ ಬಗೆಯ ಪುಸ್ತಕವೆಂದು ತಿಳಿಯಲು ಪುಟದ ಅಡಿ ನೋಡಿ. ಕ, ಖ, ಗ ಎಂದು ಹಸ್ತಪ್ರತಿಗಳ ಗುರುತು ಹಾಕಿ ಪಾಠಾಂತರ ಕೊಟ್ಟಿದ್ದರೆ ಅದು ಅಧ್ಯಯನದ ಪುಸ್ತಕ: ಮಾತು ಯಾವ ಪ್ರತಿಯದು, ಎಲ್ಲಿ ಬದಲಾಯಿತು ಎಂಬುದು ಅದರ ಪ್ರಶ್ನೆ. ಭಾವಾರ್ಥ ಬರೆದು, ಇದು ಪ್ರಾಣಲಿಂಗಿಸ್ಥಲ, ಇದು ಐಕ್ಯಸ್ಥಲ ಎಂದು ಸಾಧನೆಯ ಹಂತಗಳನ್ನು ಬಿಡಿಸಿದ್ದರೆ ಸಿದ್ಧಾಂತದ ಪುಸ್ತಕ: ಸಾಧಕ ಇದನ್ನು ಹೇಗೆ ಬಾಳಬೇಕು ಎಂಬುದು ಅದರ ಪ್ರಶ್ನೆ. ಪಾಠಾಂತರದಿಂದ ಲಿಂಗಪೂಜೆ ಕಲಿಯಲಾಗದು, ಭಾವಾರ್ಥದಿಂದ ಕಾಲನಿರ್ಣಯ ಆಗದು.

ಹೊಸಬರು ಎಡವುವುದು ಅಲ್ಲಮಪ್ರಭು ಮತ್ತು ಇತರ ಶರಣರ ಸಂವಾದದ ರೂಪದಲ್ಲಿರುವ ಶೂನ್ಯಸಂಪಾದನೆ ಎಂಬ ಗ್ರಂಥದಲ್ಲಿ. ಅನುಭವ ಮಂಟಪದಲ್ಲಿ ಕೂತು ಯಾರೋ ಬರೆದುಕೊಂಡ ವರದಿ ಎಂದೇ ಓದುತ್ತಾರೆ. ಶರಣರು 12ನೇ ಶತಮಾನದವರು. ಶಿವಗಣಪ್ರಸಾದಿ ಮಹಾದೇವಯ್ಯ ಇದನ್ನು ಮೊದಲು ಸಂಪಾದಿಸಿದ್ದು 15ನೇ ಶತಮಾನದಲ್ಲಿ. ಆಮೇಲೆ ಇನ್ನೂ ಮೂವರು ಪರಿಷ್ಕರಿಸಿದರು. ಬಿಡಿ ವಚನಗಳನ್ನು ಸಂಭಾಷಣೆಯಾಗಿ ಪೋಣಿಸಿದವರು ಈ ಸಂಪಾದಕರು. ಹಾಗಾಗಿ ಅಲ್ಲಮ ಸಿದ್ಧರಾಮನಿಗೆ ಹೀಗೇ ಅಂದ ಎಂದು ಇತಿಹಾಸದ ಪ್ರಬಂಧದಲ್ಲಿ ಬರೆಯುವಂತಿಲ್ಲ. ತಡವಾಗಿ ಬಂದದ್ದೆಂದು ತಳ್ಳಿಹಾಕುವುದೂ ಸರಿಯಲ್ಲ, ಪೋಣಿಸಿದ ಕ್ರಮದಲ್ಲೇ ಸಿದ್ಧಾಂತ ಅರಳುತ್ತದೆ. ಎರಡೂ ಬಗೆಯ ಪುಸ್ತಕ ಜೊತೆಯಲ್ಲಿಟ್ಟುಕೊಂಡು ಓದಿದವರಿಗೇ ಇದರ ರುಚಿ ಸಿಗುವುದು.

ಬಸವಣ್ಣನವರ ವಚನವಾದರೆ ಅಂಕಿತ, ಅಂದರೆ ವಚನದ ಕೊನೆಗೆ ಬರುವ ಇಷ್ಟದೈವದ ಹೆಸರು, ನೋಡಿಯೇ ಕೊಳ್ಳಿ. ‘ಕೂಡಲಸಂಗಮದೇವ’ ಇರಬೇಕಾದಲ್ಲಿ ‘ಲಿಂಗದೇವ’ ಎಂದು ತಿದ್ದಿದ ಕೃತಿಯೊಂದನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ನಂಬಿಕೆಯ ಕಾರಣಕ್ಕೆ ಮೂಲಪಾಠವನ್ನೇ ತಿದ್ದಿದರೆ ಭಕ್ತರಿಗೂ ನಷ್ಟ, ಸಂಶೋಧಕರಿಗೂ ನಷ್ಟ.

ಸರ್ಕಾರ 1993ರಲ್ಲಿ ತಂದ ಸಮಗ್ರ ವಚನ ಸಂಪುಟ 15 ಸಂಪುಟಗಳದ್ದು. ಇಲ್ಲಿ ಬಿಡಿ ಪ್ರತಿಗಳಷ್ಟೇ ಇವೆ. ಕೊನೆಯಲ್ಲಿರುವ ವಚನಗಳ ಅಕಾರಾದಿ ಸೂಚಿ ಇದೆಯೇ ಎಂದು ಮೊದಲು ನೋಡಿ, ಅದಿಲ್ಲದೆ ಒಂದು ವಚನ ಹುಡುಕಲು ಅರ್ಧ ದಿನ ಬೇಕು. ಪುಟಸಂಖ್ಯೆಯನ್ನೂ ತಾಳೆ ಹಾಕಿ: ಬೈಂಡಿಂಗಿನಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಟ್ಟು, ಬಿಟ್ಟುಹೋದರೆ ಸಾಮಾನ್ಯವಾಗಿ ಒಟ್ಟಿಗೆ 16 ಪುಟ ಹೋದಂತೆ. ಶಿವಶರಣೆಯರ ಐದನೆಯ ಸಂಪುಟದ ಎರಡು ಪ್ರತಿಗಳಿವೆ. ಕೆಳಗಿನದರಲ್ಲಿ ಕೊನೆಯ ಫಾರಂ ಇಲ್ಲ, ಮೇಲಿನ ಸಾಲಿನದನ್ನು ತೆಗೆದುಕೊಳ್ಳಿ.