ಎಂ.ಡಿವ್ ಕೋರ್ಸ್: ಓದಿ ಮುಗಿಸಿದ ಮೇಲೆ ನನ್ನ ಅಭಿಪ್ರಾಯ

ಅಮೆರಿಕದ ಒಂದು ಸೆಮಿನರಿಯಲ್ಲಿ (ಪಾಸ್ಟರ್‌ಗಳನ್ನು ತಯಾರು ಮಾಡುವ ಕ್ರೈಸ್ತ ದೇವಶಾಸ್ತ್ರ ಕಾಲೇಜಿನಲ್ಲಿ) ಎಂ.ಡಿವ್, ಅಂದರೆ ಮಾಸ್ಟರ್ ಆಫ್ ಡಿವಿನಿಟಿ ಮುಗಿಸಿದ್ದೇನೆ. ಪಾಸ್ಟರ್ ಅಥವಾ ಚಾಪ್ಲಿನ್ (ಆಸ್ಪತ್ರೆ, ಸೇನೆಯಂಥ ಕಡೆ ಆಧ್ಯಾತ್ಮಿಕ ಸೇವೆ ಮಾಡುವವರು) ಆಗಬೇಕು ಅಂತ ಇರುವವರು ಕಣ್ಣು ಮುಚ್ಚಿಕೊಂಡು ಸೇರಬಹುದಾದ ಕೋರ್ಸ್ ಇದು, ಆದರೆ ಯಾವ ಸೆಮಿನರಿ ಅನ್ನೋದನ್ನ ಮಾತ್ರ ಕಣ್ಣು ತೆರೆದೇ ಆರಿಸಿ. ಸುಮ್ನೆ ದೇವಶಾಸ್ತ್ರ ಓದುವ ಆಸೆ ಇದ್ದರೆ ಎಂ.ಟಿ.ಎಸ್ (ಮಾಸ್ಟರ್ ಆಫ್ ಥಿಯೊಲಾಜಿಕಲ್ ಸ್ಟಡೀಸ್) ಸಾಕು, ಸಾಮಾನ್ಯವಾಗಿ ಎರಡು ವರ್ಷದಲ್ಲಿ ಮುಗಿಯುತ್ತದೆ. ಎಂ.ಡಿವ್‌ಗೆ ಕನಿಷ್ಠ 72 ಕ್ರೆಡಿಟ್ ಬೇಕು, ಬೇರೆ ಕೆಲಸ ಇಲ್ಲದೆ ಓದಿದರೂ ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ.

ನನಗೆ ಇಡೀ ಕೋರ್ಸಿನಲ್ಲಿ ತುಂಬ ಉಪಯೋಗಕ್ಕೆ ಬಂದಿದ್ದು ಸಿ.ಪಿ.ಇ (ಕ್ಲಿನಿಕಲ್ ಪಾಸ್ಟರಲ್ ಎಜುಕೇಶನ್), ಅಂದರೆ ಆಸ್ಪತ್ರೆಯಂಥ ಕಡೆ ಪಡೆಯುವ ಪಾಸ್ಟರಲ್ ತರಬೇತಿ. ಒಂದು ಯೂನಿಟ್‌ಗೆ ಕನಿಷ್ಠ 400 ಗಂಟೆ. ರೋಗಿಯ ಪಕ್ಕ ಕೂತು ಮಾತಾಡಬೇಕು, ಆಮೇಲೆ ಅವರು ಏನಂದರು, ನಾವೇನಂದೆವು ಅಂತ ನೆನಪಿನಿಂದ ಸಾಲು ಸಾಲಾಗಿ ಬರೆದು ಗುಂಪಿನ ಮುಂದೆ ಓದಬೇಕು. ಇದನ್ನು ವರ್ಬೇಟಿಮ್ ಅನ್ನುತ್ತಾರೆ. ಅವರು ಅಳುವುದಕ್ಕೆ ಶುರು ಮಾಡಿದ ತಕ್ಷಣ ನಾವು ಯಾಕೆ ಪ್ರಾರ್ಥನೆಗೆ ಹಾರಿದೆವು, ಅವರಿಗೆ ಬೇಕಿತ್ತು ಅಂತಲೋ ನಮಗೆ ಕಸಿವಿಸಿ ಆಯಿತು ಅಂತಲೋ, ಅಂತ ಮೇಲ್ವಿಚಾರಕರು ಕೇಳಿದಾಗ ಉತ್ತರ ಕೊಡೋದು ಕಷ್ಟ. ಯಾವ ಪುಸ್ತಕವೂ ಇದನ್ನು ಕಲಿಸುವುದಿಲ್ಲ. ಕೆಲವು ಸೆಮಿನರಿಗಳಲ್ಲಿ ಇದು ಕಡ್ಡಾಯ, ಕೆಲವು ಕಡೆ ಇಲ್ಲ. ಬೋರ್ಡ್ ಪ್ರಮಾಣಪತ್ರ ಇರುವ ಚಾಪ್ಲಿನ್ ಆಗಲು ಸಾಮಾನ್ಯವಾಗಿ ನಾಲ್ಕು ಯೂನಿಟ್ ಕೇಳುತ್ತಾರೆ, ಹಾಗಾಗಿ ಸೇರುವ ಮೊದಲೇ ವಿಚಾರಿಸಿ.

ಬೇಜಾರಾಗಿದ್ದು ಫೀಲ್ಡ್ ಎಜುಕೇಶನ್ ವಿಷಯದಲ್ಲಿ. ಓದುವಾಗಲೇ ಒಂದು ಸಭೆಯಲ್ಲಿ (ಚರ್ಚ್‌ನಲ್ಲಿ) ಕೆಲಸ ಮಾಡಬೇಕು, ಅಲ್ಲಿನ ಪಾಸ್ಟರ್ ನಮ್ಮನ್ನು ತಿದ್ದಬೇಕು. ನಮ್ಮಲ್ಲಿ ಸಭೆಯನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕಿತ್ತು, ನನಗೆ ಸಿಕ್ಕ ಪಾಸ್ಟರ್‌ಗೆ ಬಿಡುವೇ ಇರಲಿಲ್ಲ, ನಾನು ಮಾಡಿದ ಪ್ರಸಂಗಗಳ (ಆರಾಧನೆಯ ಉಪದೇಶಗಳ) ಬಗ್ಗೆ ಅವರಿಂದ ಒಂದು ಮಾತೂ ಬರಲಿಲ್ಲ. ಇಷ್ಟು ಮುಖ್ಯವಾದ ವಿಷಯವನ್ನು ಸೆಮಿನರಿ ಹೀಗೆ ಕೈಬಿಟ್ಟಿದ್ದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ.

ಇನ್ನು ಮಾನ್ಯತೆ. ಅಮೆರಿಕ, ಕೆನಡಾದಲ್ಲಿ ಸೆಮಿನರಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಎ.ಟಿ.ಎಸ್‌ನ ಮಾನ್ಯತೆ ಇದೆಯಾ ನೋಡಿ, ಇಲ್ಲದಿದ್ದರೆ ಮುಂದೆ ಡಿ.ಮಿನ್ (ಡಾಕ್ಟರ್ ಆಫ್ ಮಿನಿಸ್ಟ್ರಿ) ಓದಲು ಅಡ್ಡಿಯಾಗಬಹುದು. ಅದಕ್ಕಿಂತ ಮುಂಚೆ ನಿಮಗೆ ಪಾಸ್ಟರ್ ದೀಕ್ಷೆ ಕೊಡುವ ಕ್ರೈಸ್ತ ಪಂಗಡದವರನ್ನು ಕೇಳಿ. ಯುನೈಟೆಡ್ ಮೆಥಡಿಸ್ಟರಲ್ಲಿ ಒಪ್ಪಿಗೆ ಪಡೆದ ಸೆಮಿನರಿಗಳ ಪಟ್ಟಿಯೇ ಇದೆ. ಪ್ರೆಸ್ಬಿಟೇರಿಯನ್ನರು ಬೈಬಲ್ಲಿನ ಮೂಲ ಭಾಷೆಗಳಾದ ಗ್ರೀಕ್, ಹೀಬ್ರೂ ಎರಡಕ್ಕೂ ಜಾಸ್ತಿ ಒತ್ತು ಕೊಡುತ್ತಾರೆ. ಆದರೆ ಎರಡೂ ಭಾಷೆ ಎಲ್ಲ ಸೆಮಿನರಿಗಳಲ್ಲೂ ಕಡ್ಡಾಯ ಅಲ್ಲ.

ದೊಡ್ಡ ಹೆಸರು ನೋಡಿ ಓಡುವವರಿಗೂ ಒಂದು ಮಾತು. 1812ರಲ್ಲಿ ಶುರುವಾದ ಪ್ರಿನ್ಸ್‌ಟನ್ ಸೆಮಿನರಿಯ ಬೇರು ಪ್ರೆಸ್ಬಿಟೇರಿಯನ್ ಸಭೆಯಲ್ಲಿದೆ. 1816ರ ಹಾರ್ವರ್ಡ್ ಡಿವಿನಿಟಿ ಸ್ಕೂಲ್ ಯಾವ ಪಂಗಡಕ್ಕೂ ಸೇರಿದ್ದಲ್ಲ, ಅಲ್ಲಿ ಬೌದ್ಧರೂ ಎಂ.ಡಿವ್ ಓದುತ್ತಾರೆ. ಎರಡೂ ಒಳ್ಳೆಯವೇ, ಆದರೆ ಒಬ್ಬರಿಗೇ ಎರಡೂ ಹೊಂದುವುದು ಕಷ್ಟ, ಅಲ್ವಾ?

ಸಾಲದ ಬಗ್ಗೆ ಮಾತ್ರ ಹುಷಾರು. ಸಣ್ಣ ಸಭೆಯ ಪಾಸ್ಟರ್ ಸಂಬಳದಲ್ಲಿ ದೊಡ್ಡ ಕಂತು ಕಟ್ಟುವುದು ಆಗದ ಮಾತು. ಅದಕ್ಕೇ ಅರ್ಜಿ ಹಾಕುವ ಮುಂಚೆ ಸ್ಕಾಲರ್‌ಶಿಪ್ ಎಷ್ಟು, ಎಷ್ಟು ವರ್ಷಕ್ಕೆ, ಜೊತೆಗೆ ಫೀಲ್ಡ್ ಎಜುಕೇಶನ್‌ನಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಯಾರು ಅಂತ ಬರವಣಿಗೆಯಲ್ಲೇ ಕೇಳಿ, ಸಾಧ್ಯವಾದರೆ ಕೊನೆ ವರ್ಷದ ವಿದ್ಯಾರ್ಥಿಗಳ ಜೊತೆ ನೇರವಾಗಿ ಮಾತಾಡಿ.