ತೈವಾನಿನಲ್ಲಿ ಕೆಂಡದಲ್ಲಿ ಹುರಿದ ಊಲಾಂಗ್ ಕೊಳ್ಳುವವರು ಇದನ್ನು ಓದಿ

ರುಚಿ ನೋಡಿದ್ದು ಒಂದು ಚಹಾ, ಮನೆಗೆ ಬಂದದ್ದು ಇನ್ನೊಂದು. ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ. ಶಿನ್‌ಚುವಿನಲ್ಲಿ ಕೆಲಸ ಮಾಡುವ ನಮ್ಮವರಲ್ಲಿ ಸುಮಾರು ಜನ ಊರಿಗೆ ಹೊರಡುವ ಮುಂಚೆ ಲುಗು ಕಡೆ ಹೋಗಿ ಡೊಂಗ್‌ಡಿಂಗ್ ಊಲಾಂಗ್, ಅಂದರೆ ಎಲೆಯನ್ನು ಉಂಡೆ ಕಟ್ಟಿ ಹುರಿದ ಅಲ್ಲಿನ ಚಹಾ, ತರುತ್ತಾರೆ. ಅವರಿಗಾದರೂ ಗೊತ್ತಾಗಲಿ.

ಲುಗು ಇರುವುದು ನಾನ್‌ಟೋ ಜಿಲ್ಲೆಯಲ್ಲಿ. ಡೊಂಗ್‌ಡಿಂಗ್ ಬೆಟ್ಟ ಇರುವ ಊರು ಅದೇ. ಅಲ್ಲಿನ ಅಂಗಡಿಗಳಲ್ಲಿ ವ್ಯವಹಾರ ಹೇಗೆ ನಡೆಯುತ್ತೆ ಅಂತ ಹೋದವರಿಗೆ ಗೊತ್ತು. ಕೂರಿಸುತ್ತಾರೆ, ನೀರು ಕಾಯಿಸುತ್ತಾರೆ, ಪುಟ್ಟ ಬಟ್ಟಲುಗಳಲ್ಲಿ ಕೊಡುತ್ತಾ ಹೋಗುತ್ತಾರೆ. ಇಷ್ಟವಾದರೆ ಕೊಳ್ಳುತ್ತೇವೆ. ಎಲ್ಲ ನಂಬಿಕೆಯ ಮೇಲೆ.

ನಾನು ಹೋದ ಅಂಗಡಿಯಾಕೆ ನಡುವಯಸ್ಸಿನವರು. ಮಾತು ತುಂಬಾ ನಯ. ದೊಡ್ಡ ತಗಡಿನ ಡಬ್ಬದಿಂದ ಎಲೆ ತೆಗೆದು, ಮಣ್ಣಿನ ಸಣ್ಣ ಟೀ ಪಾಟ್‌ಗೆ ಹಾಕಿ ಕುದಿಯುವ ನೀರು ಹೊಯ್ದರು. ಮೊದಲ ನೀರು ಚೆಲ್ಲಿದರು. ಎರಡನೆಯದು ಬಂತು ನೋಡಿ, ಜೇನಿನ ಬಣ್ಣ. ಹುರಿದ ಘಮ ಮೊದಲು, ನುಂಗಿದ ಮೇಲೆ ಗಂಟಲಲ್ಲಿ ನಿಧಾನವಾಗಿ ಸಿಹಿ. ಮತ್ತೆ ಮತ್ತೆ ನೀರು ಹೊಯ್ದರೂ ಆ ಸಿಹಿ ಹೋಗಲಿಲ್ಲ. ಮುಚ್ಚಳ ತೆಗೆದು ತೋರಿಸಿದರು. ಉಂಡೆಯಾಗಿದ್ದ ಎಲೆಗಳು ಪೂರ್ತಿ ಬಿಚ್ಚಿಕೊಂಡಿದ್ದವು, ಕಡ್ಡಿ ಸಮೇತ, ಕಂದು ಹಸಿರು ಬಣ್ಣ, ಮುಟ್ಟಿದರೆ ಮೆತ್ತಗೆ.

ಲಾಂಗನ್ ಅನ್ನುವ ಹಣ್ಣಿನ ಮರದ ಇದ್ದಿಲು, ಕೆಂಡದ ಮೇಲೆ ಬೂದಿ ಮುಚ್ಚಿ, ಬಿದಿರಿನ ಬುಟ್ಟಿಯಲ್ಲಿ ಸಣ್ಣ ಕಾವಿಗೆ ಗಂಟೆಗಟ್ಟಲೆ ಹುರಿದದ್ದು ಅಂದರು. ಒಳ್ಳೆಯ ಚಹಾವನ್ನು ಹಾಗೇ ಹುರಿಯುತ್ತಾರೆ. ಅಷ್ಟು ಕೆಲಸ ಇದೆ ಅಂತಲೇ ಬೆಲೆ ಕೊಡುವುದು, ಅಲ್ವಾ? ಒಂದು ಜಿನ್, ಅಂದರೆ 600 ಗ್ರಾಂಗೆ 4,000 ತೈವಾನ್ ಡಾಲರ್ ಹೇಳಿದರು. ಚೌಕಾಸಿ ಮಾಡದೆ ಕೊಟ್ಟೆ.

ದುಡ್ಡು ಎಣಿಸಿಕೊಂಡು ಒಳಗೆ ಹೋದರು. ಮೊದಲೇ ಗಾಳಿ ತೆಗೆದು ಸೀಲ್ ಮಾಡಿಟ್ಟಿದ್ದ 150 ಗ್ರಾಂನ ನಾಲ್ಕು ಪೊಟ್ಟಣ ತಂದು ಚೀಲಕ್ಕೆ ಹಾಕಿದರು. ಡಬ್ಬ ಮೇಜಿನ ಮೇಲೆ ಹಾಗೇ ಇತ್ತು. "ಇದೂ ಅದೇ ಚಹಾನಾ?" ಅಂತ ಕೇಳಿದೆ. ಬಾಯಿಬಿಟ್ಟು ಕೇಳಿದ್ದೇನೆ! "ಅದೇ, ಅದೇ. ಒಂದೇ ಸಲ ಹುರಿದದ್ದು" ಅಂದರು. ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

ಮನೆಗೆ ನನ್ನ ತೈವಾನಿ ಸಹೋದ್ಯೋಗಿ ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದರು. ದೊಡ್ಡದಾಗಿ ಹೇಳಿಕೊಂಡು ಆ ಪೊಟ್ಟಣ ಒಡೆದೆ. ಸುಟ್ಟ ವಾಸನೆ. ಘಮ ಅಲ್ಲ, ಸುಟ್ಟ ವಾಸನೆ. ಬಟ್ಟಲಿಗೆ ಬಂದದ್ದು ಕಪ್ಪು ನೀರು, ನಾಲಿಗೆ ಮೇಲೆ ಬರೀ ಕಹಿ. ಮೂರನೇ ಸಲಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ನಾನು ಚಿಕ್ಕಮಗಳೂರಿನವನು. ಹಳೆಯ, ಹುಳುಕು ಕಾಫಿ ಬೀಜವನ್ನು ಕರ್ರಗೆ ಹುರಿದು ಅದರ ದೋಷ ಮುಚ್ಚುವವರನ್ನು ನೋಡಿದ್ದೇನೆ. ಇಲ್ಲಿ ನಡೆದದ್ದೂ ಅದೇ. ಸಹೋದ್ಯೋಗಿ ಏನೂ ಅನ್ನದೆ ಬಟ್ಟಲು ಪಕ್ಕಕ್ಕಿಟ್ಟರು. ಆಮೇಲೆ ಪಾಟ್‌ನಿಂದ ಒಂದು ಎಲೆ ತೆಗೆದು ಉಗುರಿನಿಂದ ಬಿಡಿಸಲು ನೋಡಿದರು. ಬಿಚ್ಚಲಿಲ್ಲ. ಬೆರಳ ನಡುವೆ ಪುಡಿಯಾಗಿ ಕರಿ ಮೆತ್ತಿಕೊಂಡಿತು. ಅವರ ಹೆಂಡತಿ ಬೇರೆ ಮಾತು ತೆಗೆದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಲೈನ್ ಆ್ಯಪ್‌ನಲ್ಲಿ ಅಂಗಡಿಯಾಕೆಗೆ ಬರೆದೆ. ಬಂದ ಉತ್ತರಗಳನ್ನು ನೋಡಿ.

ಮೊದಲು: "ಹೊಸದಾಗಿ ಹುರಿದದ್ದು, ಬೆಂಕಿ ಇನ್ನೂ ಇಳಿದಿಲ್ಲ. ಮೂರು ತಿಂಗಳು ಇಟ್ಟು ಕುಡಿಯಿರಿ." ಹೊಟ್ಟೆ ಉರಿಯುವುದು ಇಲ್ಲೇ. ಗಟ್ಟಿಯಾಗಿ ಹುರಿದ ಊಲಾಂಗ್‌ಗೆ ಹುರಿದ ಮೇಲೆ ಕೆಲವು ವಾರ, ಕೆಲವು ತಿಂಗಳು ಬಿಡುವು ಬೇಕು ಅನ್ನುವುದು ಸತ್ಯ. ಆ ಸತ್ಯವನ್ನೇ ನನ್ನ ಬಾಯಿ ಮುಚ್ಚಿಸಲು ಬಳಸಿಕೊಂಡರು. ಇಟ್ಟೆ. ಕಾದೆ. ಇದ್ದಿಲು ಇದ್ದಿಲಾಗಿಯೇ ಇತ್ತು. ಬೆಂಕಿ ಇಳಿದರೆ ಸುಟ್ಟು ಹೋದ ಎಲೆ ಮತ್ತೆ ಎಲೆ ಆಗುತ್ತಾ?

ಆಮೇಲೆ: "ನಿಮ್ಮ ನೀರು ಸರಿಯಿಲ್ಲ." ಆಮೇಲೆ: "ನೀವು ಭಾರತದವರು ಹಾಲು ಸಕ್ಕರೆ ಹಾಕಿ ಕುಡಿಯುವವರು, ಇದು ಅಭ್ಯಾಸವಾಗಲು ಸಮಯ ಬೇಕು." ಅಂಗಡಿಯಲ್ಲಿ ಕೂತು ಕುಡಿದಾಗ ನನ್ನ ನಾಲಿಗೆ ಸರಿಯಾಗಿತ್ತು, ದುಡ್ಡು ಕೊಟ್ಟ ಮೇಲೆ ಕೆಟ್ಟುಹೋಯಿತಾ?

ಪೊಟ್ಟಣದ ಮೇಲೆ ಎಲೆ ಬೆಳೆದ ಜಾಗದ ಹೆಸರೇ ಇಲ್ಲ, ಎಲ್ಲಿಯದು ಅಂತ ಕೇಳಿದೆ. "ಡೊಂಗ್‌ಡಿಂಗ್ ಅನ್ನುವುದು ಈಗ ಮಾಡುವ ರೀತಿ, ಎಲೆ ಎಲ್ಲಿಂದಲಾದರೂ ಬರಬಹುದು." ಇದೂ ಅರ್ಧ ನಿಜ. ಆ ಬೆಟ್ಟದ ಸುತ್ತ ಬೆಳೆಯದ ಎಲೆಯನ್ನೂ ಅದೇ ರೀತಿ ಹದ ಮಾಡಿ ಅದೇ ಹೆಸರಲ್ಲಿ ಮಾರುತ್ತಾರೆ. ವಿಯೆಟ್ನಾಮಿನಿಂದ ಬಂದ ಎಲೆಯನ್ನು ತೈವಾನಿನದು ಅಂತ ಮಾರಿ ಸಿಕ್ಕಿಬಿದ್ದವರೂ ಇದ್ದಾರೆ. "ಹಾಗಾದರೆ ಇದು ತೈವಾನಿನದೇನಾ?" ಅಂತ ನೇರವಾಗಿ ಕೇಳಿದೆ. ನಗುವ ಕರಡಿಯ ಸ್ಟಿಕರ್ ಕಳಿಸಿದರು. ಅಷ್ಟೇ. ಮರುದಿನ ದುಡ್ಡು ವಾಪಸ್ ಕೇಳಿದ್ದಕ್ಕೆ, "ಸೀಲ್ ಒಡೆದದ್ದನ್ನು ತೆಗೆದುಕೊಳ್ಳುವುದಿಲ್ಲ." ಇನ್ನೂ ಒಡೆಯದ ಮೂರು ಪೊಟ್ಟಣ ಇವೆ ಅಂದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಹೋಗುವವರು ಇಷ್ಟು ಮಾಡಿ. ರುಚಿ ತೋರಿಸಿದ ಡಬ್ಬದಿಂದಲೇ ನಿಮ್ಮ ಕಣ್ಣೆದುರು ತೂಗಿ ಸೀಲ್ ಮಾಡಿಸಿ. ಒಳಗಿನಿಂದ ತಂದ ಪೊಟ್ಟಣ ಬೇಡವೇ ಬೇಡ. ತಂದರೆ ಅಲ್ಲೇ ಒಂದನ್ನು ಒಡೆಸಿ ಕುಡಿಯಿರಿ, ಅಂಗಡಿಯವರು ಮುಖ ಸಿಂಡರಿಸಿದರೆ ಎದ್ದು ಬನ್ನಿ. ಅವರು ಪಾಟ್‌ನಲ್ಲಿ ಚಕಚಕನೆ ಬಸಿದು ಕೊಟ್ಟದ್ದಕ್ಕೆ ಮರುಳಾಗಬೇಡಿ. ಚಹಾ ಸ್ಪರ್ಧೆಗಳಲ್ಲಿ ಮಾಡುವಂತೆ 3 ಗ್ರಾಂ ಎಲೆಗೆ 150 ಮಿ.ಲೀ. ಕುದಿಯುವ ನೀರು ಹಾಕಿ 6 ನಿಮಿಷ ಬಿಡಲು ಹೇಳಿ. ಚಹಾದ ಹುಳುಕೆಲ್ಲ ಹೊರಗೆ ಬರುತ್ತದೆ. ನೆನೆದ ಎಲೆ ಬಿಡಿಸಿ ನೋಡಿ. ಹೆಚ್ಚು ಹುರಿದ ಎಲೆ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ, ಆದರೆ ಬಿಚ್ಚಿಕೊಳ್ಳಲೇಬೇಕು. ಲುಗು ರೈತ ಸಂಘ 1976ರಿಂದ ಸ್ಪರ್ಧೆ ನಡೆಸುತ್ತಿದೆ. ಆ ಸ್ಪರ್ಧೆಯ ಸೀಲ್ ಇರುವ ಡಬ್ಬ ದುಬಾರಿ, ಆದರೂ ನನಗೆ ಈಗ ಅದು ಬಿಟ್ಟು ಬೇರೆ ಕೊಳ್ಳುವ ಧೈರ್ಯ ಇಲ್ಲ.

ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಲುಗುಗೆ ಹೊರಟಿರುವವರು ಬೇರೆಯಾಗಿ ಕೇಳಿದರೆ ಯಾವ ಅಂಗಡಿ ಅಂತ ಹೇಳುತ್ತೇನೆ.